ಭಾವ ಕೊಟ್ಟ ಕೊಸರು

ನಮ್ಮ ಭಾವನ ಕಥೆಯನ್ನು ಅಕ್ಕನ ಪಾತ್ರೆ ಉಜ್ಜುವ ನಾರಿನಿಂದಲೇ ಶುರು ಮಾಡಬೇಕು. ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ಅವಳು ಒಂದೇ ಒಂದು ಹಸಿರು ನಾರನ್ನೂ ಸವೆಯುವ ತನಕ ಬಳಸಿದ್ದಿಲ್ಲ. ತಂದ ಮರುದಿನವೇ ಅದು ಮಾಯ. ಎರಡು ದಿನ ಬಿಟ್ಟು ನೋಡಿದರೆ ಯಾವುದೋ ಆಸ್ಪತ್ರೆಯ ಮುಂದೆ ಸಾಲುಮರಗಳಾಗಿ ನಿಂತಿರುತ್ತಿತ್ತು. ಆಸ್ಪತ್ರೆಯೂ ಒಂದು ಮೊಳದ್ದೇ ಅನ್ನಿ.

ಭಾವ ಮಾದರಿ ಮಾಡುವವರು. ದೊಡ್ಡ ಕಟ್ಟಡವೊಂದು ಏಳುವ ಮೊದಲು ಅದರ ಪುಟ್ಟ ರೂಪವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರಲ್ಲ, ಅದನ್ನು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಅಲ್ಲಿ ಕಾಲಿಟ್ಟರೆ ಅಂಟಿನ ವಾಸನೆ, ರಟ್ಟಿನ ಚೂರು, ಡಬ್ಬಿ ಡಬ್ಬಿ ಬ್ಲೇಡು, ಒಂದು ಹಳೆಯ ಬಿಸ್ಕತ್ತಿನ ಟಿನ್ನಿನ ತುಂಬ ಬೆರಳ ತುದಿಯಲ್ಲಿ ನಿಲ್ಲುವಷ್ಟು ಸಣ್ಣ ಮನುಷ್ಯರು. ಕೂರಲು ಹೋದರೆ, "ಅಯ್ಯಯ್ಯೋ, ಅಲ್ಲಿ ಶಾಲೆ ಒಣಗ್ತಾ ಇದೆ" ಅನ್ನುತ್ತಿದ್ದರು. ನಾನು ಎಷ್ಟೋ ಸಲ ನಿಂತುಕೊಂಡೇ ಟೀ ಕುಡಿದು ಬಂದಿದ್ದೇನೆ.

ಭಾವ ನಾಲ್ಕು ಜನರ ಎದುರು ಮಾತು ಬಾರದ ಮನುಷ್ಯ. ಬಂದವರು ಏನು ಕೇಳಿದರೂ "ಹೂಂ" ಅಥವಾ "ನೋಡೋಣ". ಆ ಬಿಸ್ಕತ್ತಿನ ಟಿನ್ನಿನ ಜನರ ಜೊತೆ ಮಾತ್ರ ಬಾಯಿ ತುಂಬ ಹರಟೆ. "ನೀನು ಬಾರಪ್ಪ, ಬಸ್ ನಿಲ್ದಾಣಕ್ಕೆ ಹೋಗು. ನೀನು ಬೇಡ, ನೀನು ಆಗಲೇ ಸಿನಿಮಾಕ್ಕೆ ಹೋಗಿದ್ದೆ." ಅಕ್ಕ ಅಡುಗೆಮನೆಯಿಂದ, "ಕಟ್ಕೊಂಡವಳ ಹತ್ರ ಇಷ್ಟು ಮಾತಾಡಿದ್ದರೆ ನಾನು ರೇಡಿಯೋ ಮಾರಿಬಿಡ್ತಿದ್ದೆ" ಎಂದು ಕೂಗುತ್ತಿದ್ದಳು.

ಅವರದೊಂದು ಪದ್ಧತಿಯಿತ್ತು. ಯಾವ ಮಾದರಿಯಾದರೂ ಮೊದಲು ನೆಲ. ಭೂಮಿಯ ಏರು ತಗ್ಗು ತೋರಿಸುವ ನಕ್ಷೆಯ ಪ್ರಕಾರ ಮಿಲಿಮೀಟರ್ ದಪ್ಪದ ಹಾಳೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ವಾರ್ನಿಷ್ ಬಳಿದು ಒಣಗಿಸುತ್ತಿದ್ದರು. ಆಮೇಲೆ, ಬಣ್ಣ ಹಚ್ಚುವ ಮೊದಲು, ಎತ್ತರದ ತುದಿಯಿಂದ ಒಂದು ಜಗ್ ನೀರು ಸುರಿಯುತ್ತಿದ್ದರು. ನಿಜವಾದ ನೆಲದಲ್ಲಿ ನೀರು ಎಲ್ಲಿ ಹೋಗಿ ನಿಲ್ಲುತ್ತದೋ ಮೇಜಿನ ಮೇಲೂ ಅಲ್ಲೇ ಹೋಗಿ ನಿಲ್ಲಬೇಕು. ನಿಂತರೆ ಕೈ ಸರಿ. ಇಲ್ಲದಿದ್ದರೆ ಎಲ್ಲ ಕಿತ್ತು ಮತ್ತೆ ಮೊದಲಿನಿಂದ. ಕೆಲಸ ಕಲಿಸಿದ ಗುರುಗಳು ಹೇಳಿಕೊಟ್ಟದ್ದಂತೆ. "ನೆಲಕ್ಕೆ ನೀರು ತೋರಿಸೋದು" ಎಂದು ಅದಕ್ಕೆ ಹೆಸರು. ಈ ಕಾಲದಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಹೇಳಿದರೆ ಕೇಳಬೇಕಲ್ಲ.

ಇನ್ನು ನಾನು. ಊರಿನ ಯೋಜನಾ ಕಚೇರಿಯಲ್ಲಿ ನಡಾವಳಿ ಬರೆಯುವವಳು. ಸಭೆಯಲ್ಲಿ ಯಾರು ಏನಂದರು ಎನ್ನುವುದನ್ನು ಬರೆದಿಡುವುದೇ ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಬೇರೆಯವರ ಮಾತು ಬರೆದೂ ಬರೆದೂ ಸ್ವಂತ ಮಾತು ಹೊಟ್ಟೆಯೊಳಗೆ ಉಳಿದು, ಸಂಜೆ ಅಕ್ಕನ ಮನೆಗೆ ಹೋಗಿ ಕಕ್ಕಿ ಬರುತ್ತಿದ್ದೆ.

ಅಕ್ಕನ ಮನೆ ಇರುವುದು ತಗ್ಗಿನ ಬೀದಿಯಲ್ಲಿ. ನಲವತ್ತಮೂರು ಮನೆ. ಬೀದಿಯ ಬೆನ್ನಿಗೆ ಒಂದು ದೊಡ್ಡ ಜೌಗು. ಜೊಂಡು, ಕೆಸರು, ಕೊಕ್ಕರೆ, ಸೊಳ್ಳೆ. ಮಳೆಗಾಲದಲ್ಲಿ ಅದರಾಚೆಯ ದಿಬ್ಬದ ನೀರೆಲ್ಲ ಇಳಿದು ಬಂದು ಆ ಜೌಗಿನಲ್ಲಿ ಸೇರಿ, ತಿಂಗಳುಗಟ್ಟಲೆ ಅಲ್ಲೇ ಇಂಗುತ್ತಿತ್ತು. ಬೀದಿಯಲ್ಲಿ ಒಬ್ಬರ ಹೊಸ್ತಿಲೂ ನೆನೆದದ್ದಿಲ್ಲ. ನೆನೆಯದ ಕಾರಣ ಜೌಗಿನ ಉಪಕಾರ ಯಾರಿಗೂ ನೆನಪಿರಲಿಲ್ಲ; ಸೊಳ್ಳೆ ಮಾತ್ರ ನೆನಪಿತ್ತು. ನಮ್ಮ ಕಚೇರಿಯ ನಕ್ಷೆಯಲ್ಲಿ ಅದಕ್ಕೆ ಹಸಿರು ಗೆರೆ ಎಳೆದು 'ಸೂಕ್ಷ್ಮ ಪ್ರದೇಶ' ಎಂದು ಬರೆದಿತ್ತು. ಹಾಗೆಂದರೆ ಫೈಲು ಬೇಗ ಮುಂದೆ ಹೋಗುವುದಿಲ್ಲ ಎಂದಷ್ಟೇ ನಾವು ತಿಳಿದುಕೊಂಡಿದ್ದೆವು.

ಆ ಜಾಗಕ್ಕೆ ಒಂದು ಮೋಜಿನ ಪಾರ್ಕು ಬರುವುದಾಯಿತು. ಬರೀ ಪಾರ್ಕಲ್ಲ, ಜೊತೆಗೆ ಆರುನೂರು ಕೋಣೆಗಳ ರೆಸಾರ್ಟು. ಕೋಟೆ, ಕೊಳ, ಜಾರುಬಂಡೆ, ದೈತ್ಯ ತೊಟ್ಟಿಲು, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರಿಸುವ ರೈಲು. ಕಂಪನಿಯ ವಿನ್ಯಾಸಗಾರ ಒಂದು ದಿನ ಮಾದರಿ ಮಾಡಿಸಲು ಭಾವನ ಬಾಗಿಲಿಗೆ ಬಂದ. ಬೇಸಿಗೆಯ ನಡು ಮಧ್ಯಾಹ್ನ, ಕುತ್ತಿಗೆಗೆ ಉಣ್ಣೆಯ ಮಫ್ಲರು. ಆ ಕ್ಷಣದಿಂದ ಅಕ್ಕ ಅವನಿಗೆ ಮಫ್ಲರು ಎಂದೇ ಹೆಸರಿಟ್ಟಳು. ಕೆಟ್ಟವನೇನಲ್ಲ, ಪಾಪ. ಅವನ ಬಾಯಲ್ಲಿ ಎಲ್ಲವೂ 'ಅನುಭವ' ಆಗುತ್ತಿತ್ತು, ಅಷ್ಟೇ. ಗೇಟು ಅಂದರೆ 'ಸ್ವಾಗತದ ಅನುಭವ'. ಟಿಕೆಟ್ಟಿನ ಸಾಲು 'ನಿರೀಕ್ಷೆಯ ಅನುಭವ'. ಶೌಚಾಲಯಕ್ಕೆ ಏನನ್ನುತ್ತೀರಿ ಎಂದು ಅಕ್ಕ ಕೇಳಿಯೇಬಿಟ್ಟಳು. ಅವನು ಅದನ್ನು ಗಂಭೀರವಾಗಿ ಬರೆದುಕೊಂಡು ಹೋದ.

ಭಾವನಿಗೋ ಹಬ್ಬ. ಅರುವತ್ತಮೂರು ವರ್ಷದ ಗಂಡಸು, ನೆಲದ ಪದರ ಒಣಗುವ ಬಿಡುವಿನಲ್ಲೂ, ಬೆಳಗಾಗೆದ್ದು ರೈಲು ಬಾಗಿಸುತ್ತಾ ಕೂರುತ್ತಿದ್ದರು. ನಾನು ಸಂಜೆ ಹೋದರೆ, "ಬಾರಮ್ಮ ಬಾ, ಕೋಟೆಗೆ ಬಾವುಟ ನೆಟ್ಟೆ ನೋಡು" ಎಂದು ಭೂತಗನ್ನಡಿ ಕೊಡುತ್ತಿದ್ದರು. "ಭಾವ, ಈ ಕೋಣೆ ಚಿಲಕ ಬಿದ್ದು ಆರು ತಿಂಗಳಾಯ್ತು" ಎಂದರೆ, "ಅದು ದೊಡ್ಡ ಕೆಲಸ, ಬಡಗಿ ಬರಬೇಕು" ಎನ್ನುತ್ತಿದ್ದರು.

ಅಕ್ಕ ನನಗೆ ಲೋಟ ತುಂಬ ಟೀ, ಅವರಿಗೆ ಅರ್ಧ ಲೋಟ ಕೊಡುತ್ತಿದ್ದಳು. "ನೋಡಮ್ಮ, ನಿಮ್ಮಕ್ಕನ ಕೈ ಎಷ್ಟು ಬಿಗಿ!" ಎಂದು ಭಾವ ರೇಗಿಸುವರು. ಅಕ್ಕ ತುಟಿಪಿಟಕ್ಕೆನ್ನದೆ ಎರಡನೆಯ ಸಲ ಮತ್ತೆ ಅರ್ಧ ಲೋಟ ತಂದಿಡುವಳು. ಇದು ಎಷ್ಟೋ ದಿನಗಳಿಂದ ನಡೆದುಬಂದ ಜೋಕು.

ನೆಲ ಸಿದ್ಧವಾದ ದಿನ ನಾನೂ ಇದ್ದೆ. ಹತ್ತಡಿ ಉದ್ದದ ಮೇಜಿನ ಮೇಲೆ ಬೋಳು ನೆಲ. ಭಾವ ಜಗ್ ತಂದು ದಿಬ್ಬದ ನೆತ್ತಿಯಿಂದ ನೀರು ಬಿಟ್ಟರು. ನೀರು ಇಳಿಯಿತು, ಕೊಳ ಬರಬೇಕಾದ ಕಡೆ ನಿಲ್ಲಲಿಲ್ಲ, ಎಡಕ್ಕೆ ತಿರುಗಿ ಸರಸರ ಹೋಗಿ ಮೇಜಿನ ಅಂಚು ದಾಟಿ, ಟೀ ಹಿಡಿದು ನಿಂತಿದ್ದ ಅಕ್ಕನ ಪಾದಗಳ ಮೇಲೆ ಬಿತ್ತು.

"ರೀ! ಏನ್ರೀ ಇದು, ಮನೆಯೆಲ್ಲ ಹೊಳೆ!"

ಭಾವ ಮಾರನೆಯ ದಿನ ನೆಲವನ್ನೆಲ್ಲ ಕಿತ್ತರು. ಒಂಬತ್ತು ದಿನ ಕೂತು ಮತ್ತೆ ಕತ್ತರಿಸಿದರು. ಮತ್ತೆ ನೀರು. ಅದೇ ಎಡ, ಅದೇ ಅಂಚು. ಮೂರನೆಯ ಸಲ ಅಕ್ಕ ಕೇಳಲೂ ಇಲ್ಲ, ಅಂಚಿನ ಕೆಳಗೆ ಮೊದಲೇ ಬಕೆಟ್ಟು ಇಟ್ಟಿದ್ದಳು. ನೀರು ನೇರವಾಗಿ ಅದಕ್ಕೇ ಬಿತ್ತು. ನನಗೆ ನಗು ಬಂತು. ಭಾವನ ಮುಖ ನೋಡಿ ನುಂಗಿಕೊಂಡೆ.

"ಕೈ ಹೋಯ್ತು ಕಣಮ್ಮ," ಎಂದರು, ಎರಡೂ ಅಂಗೈ ಮುಂದೆ ಚಾಚಿ. ಆಗ ನೋಡಿದೆ. ಬೆರಳ ತುದಿ ಸಣ್ಣಗೆ ನಡುಗುತ್ತಿತ್ತು.

ನಾನು ಮೇಜಿನ ಮೇಲಿದ್ದ ಕಂಪನಿಯ ನಕ್ಷೆ ಎಳೆದುಕೊಂಡೆ. ನಡಾವಳಿ ಬರೆಯುವವಳಾದರೂ ಇಪ್ಪತ್ತು ವರ್ಷ ನಕ್ಷೆಗಳ ನಡುವೆ ಕೂತವಳು. "ಭಾವ, ಇಲ್ಲಿ ನೋಡಿ. ಜೌಗಿನ ಮೇಲೆ ಮೂರು ಮೀಟರು ಮಣ್ಣು ಏರಿಸಿದ್ದಾರೆ. ನೀರು ನಿಲ್ಲೋ ಗುಂಡೀನೇ ಇಲ್ಲ. ಇನ್ನೆಲ್ಲಿಗೆ ಹೋಗುತ್ತೆ? ಆ ಕಡೆ ಇರೋದು ನಿಮ್ಮ ಬೀದಿ. ತಪ್ಪು ನಕ್ಷೆಯದು, ನಿಮ್ಮ ಕೈಯದಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಾಗನ್ನಲ್ಲ," ಎಂದರು ಭಾವ. "ಅಷ್ಟು ದೊಡ್ಡ ಕಂಪನಿ. ನೀರು ಎಲ್ಲಿ ಹೋಗುತ್ತೆ ಅಂತ ನೋಡದೇ ಮಣ್ಣು ಏರಿಸ್ತಾರಾ? ಅವರ ಹತ್ರ ಕಂಪ್ಯೂಟರ್ ಇದೆ. ನನ್ನ ಹತ್ರ ಬ್ಲೇಡಿದೆ. ನೀನು ನನ್ನ ನಾದಿನಿ, ಸಮಾಧಾನಕ್ಕೆ ಹೇಳ್ತಿದ್ದೀಯ."

ನನಗೆ ಸಿಟ್ಟು ಬಂತು. ಗೋಡೆಗಾದರೂ ಹೇಳಬಹುದು. ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಅಕ್ಕ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು.

"ನಿಂಗೆ ಗೊತ್ತಿತ್ತೇನೇ ಅಕ್ಕ, ಕೈ ನಡುಗೋದು?"

"ಎರಡು ವರ್ಷದಿಂದ ಅರ್ಧ ಲೋಟ ಯಾಕೆ ಕೊಡ್ತಿದ್ದೀನಿ ಅಂದ್ಕೊಂಡೆ? ತುಂಬ ಕೊಟ್ರೆ ಚೆಲ್ಲುತ್ತೆ. ಚೆಲ್ಲಿದ್ರೆ ಅವರಿಗೆ ಗೊತ್ತಾಗುತ್ತೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಈ ಕೆಲಸ ಬಿಟ್ಟು ಬಿಸ್ಕತ್ ಡಬ್ಬಿ ಮುಚ್ಚಿಟ್ರೆ ಆ ಮನುಷ್ಯ ಒಂದು ವರ್ಷ ಬದುಕಲ್ಲ ಕಣೇ."

ಅಷ್ಟು ದಿನ ಆ ಅರ್ಧ ಲೋಟಕ್ಕೆ ನಾನೂ ನಕ್ಕಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮರುದಿನ ಭಾವ ನಮ್ಮ ಕಚೇರಿಗೆ ಬಂದರು. ಜನ್ಮದಲ್ಲಿ ಮೊದಲ ಸಲ. ಆ ಜಾಗದ ಹಳೆಯ ಅಳತೆಯ ನಕ್ಷೆ, ಮಣ್ಣು ಏರಿಸುವ ಮಾತು ಹುಟ್ಟುವ ಮೊದಲಿನದು, ಪ್ರತಿ ಬೇಕಂತೆ. ಯಾರು ಕೇಳಿದರೂ ಕೊಡುವಂಥದ್ದೇ. ಆದರೂ ನನ್ನ ಮುಖ ನೋಡದೆ ಸಾಲಿನಲ್ಲಿ ನಿಂತು, ಅರ್ಜಿ ತುಂಬಿ, ಕಾರಣ ಎಂಬಲ್ಲಿ 'ಕೈ ಪರೀಕ್ಷೆ' ಎಂದು ಬರೆದರು. ಗುಮಾಸ್ತ ಅದನ್ನು ಆರೋಗ್ಯ ಇಲಾಖೆಗೆ ಕಳಿಸುವುದರಲ್ಲಿದ್ದ. ನಾನು ಓಡಿಹೋಗಿ ಹಿಡಿದೆ.

ಪಾರ್ಕಿಗೆ ಒಪ್ಪಿಗೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಾರ್ವಜನಿಕ ಸಭೆಗೆ ಇನ್ನು ಹನ್ನೆರಡು ದಿನ. ಭಾವ ಕೋಣೆಯ ಬಾಗಿಲು ಹಾಕಿಕೊಂಡರು. ಚಿಲಕ ಇರಲಿಲ್ಲವಲ್ಲ, ಕುರ್ಚಿ ಒತ್ತರಿಸಿಟ್ಟರು. ಒಳಗೇನು ನಡೆಯಿತೋ ಯಾರಿಗೂ ಹೇಳಲಿಲ್ಲ. ಅಕ್ಕನ ಮೂರು ನಾರು ಹೋದವು. ಆಮೇಲೆ ಹೊಸ ಪೊರಕೆಯೇ ಕಾಣೆ. "ಪೊರಕೆ ತೊಗೊಂಡು ಏನ್ರೀ ಮಾಡ್ತೀರಿ?" ಎಂದು ಬಾಗಿಲಾಚೆಯಿಂದ ಅಕ್ಕ ಕೂಗಿದರೆ ಒಳಗಿನಿಂದ "ಹೂಂ" ಎಂದು ಉತ್ತರ ಬಂತು.

ಸಭೆಯ ದಿನ ಕಚೇರಿಯ ದೊಡ್ಡ ಹಾಲ್ ತುಂಬಿತ್ತು. ಸಮಿತಿಯ ಅಧ್ಯಕ್ಷೆ ಮುಂದೆ ಕೂತಿದ್ದರು. ಮೊದಲು ಟೀಚರಾಗಿದ್ದವರು, ಕನ್ನಡಕದ ಮೇಲಿನಿಂದ ನೋಡಿದರೆ ಗಂಡಸರೂ ಎದ್ದು ನಿಲ್ಲುವಂಥವರು. ಮಾದರಿ ಮಾಡಿದವರು ನನ್ನ ಭಾವ ಎಂದು ಅವರಿಗೆ ಮೊದಲೇ ತಿಳಿಸಿದ್ದೆ. "ನೀವು ಕೇಳಿದ್ದನ್ನ ಬರೀರಿ, ಸಾಕು" ಎಂದಿದ್ದರು. ಅವರ ಮುಂದೆ ಕಂಪನಿಯ ನಾನೂರು ಪುಟದ ವರದಿ. ಹಿಂದಿನ ಬೆಂಚುಗಳಲ್ಲಿ ತಗ್ಗಿನ ಬೀದಿಯವರು. ನಡುವೆ ಮಾದರಿ.

ಎಂಥ ಮಾದರಿ! ಕೋಟೆಯ ಬಾವುಟ, ರೈಲಿನಲ್ಲಿ ಕೈ ಎತ್ತಿ ಕಿರುಚುವ ಜನ, ಕೊಳದ ಸುತ್ತ ಬಣ್ಣ ಬಣ್ಣದ ಕೊಡೆಗಳು. ಮಫ್ಲರು ಕೈ ಮುಗಿದುಬಿಟ್ಟ. ಆಮೇಲೆ ಮೇಜಿನ ಎಡ ಅಂಚು ನೋಡಿ ಹುಬ್ಬು ಗಂಟಿಕ್ಕಿದ. ಅಲ್ಲಿ ಮೂರು ಕಡೆ ಅಂಚು ಕಟ್ಟಿದ ಒಂದು ಗೇಣಗಲದ ಹಲಗೆ ಹೆಚ್ಚಾಗಿ ಸೇರಿತ್ತು. ಅದರ ಮೇಲೆ ನಲವತ್ತಮೂರು ಪುಟ್ಟ ಮನೆ.

"ಇದೇನಿದು? ನಾವು ಕೇಳಿರಲಿಲ್ಲವಲ್ಲ."

"ಕೊಸರು ಸಾರ್," ಎಂದರು ಭಾವ.

ತರಕಾರಿಯವಳು ತೂಕ ಮುಗಿದ ಮೇಲೆ ಎರಡು ಹಿಡಿ ಸೊಪ್ಪು ಹಾಕುವಷ್ಟು ಸಹಜವಾಗಿ ಹೇಳಿದರು. ಮಫ್ಲರಿಗೆ ಬೇಡ ಎನ್ನಲು ದಾಕ್ಷಿಣ್ಯವಾಯಿತು.

ಅವನು ಅರ್ಧ ಗಂಟೆ ಅನುಭವಗಳನ್ನೆಲ್ಲ ವಿವರಿಸಿದ. ನಾನು ಬರೆದೆ. ಮುಗಿದರೂ ಭಾವ ಮೇಜು ಬಿಟ್ಟು ಕದಲಲಿಲ್ಲ, ಕೈಯಲ್ಲೊಂದು ಜಗ್. ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನೋಡಿ, "ಯಾಕ್ರೀ ನಿಂತಿದ್ದೀರಿ?" ಎಂದರು.

ಭಾವ ಜಗ್ಗನ್ನು ಎದೆಗೆ ಒತ್ತಿ ಹಿಡಿದರು. "ನೀರು ತೋರಿಸದೇ ನಾನು ಯಾವ ಮಾದರೀನೂ ಒಪ್ಪಿಸಿದ್ದಿಲ್ಲಮ್ಮ. ಇದನ್ನ ಇನ್ನೂ ಒಪ್ಪಿಸಿಲ್ಲ."

ಮಫ್ಲರೇ ನಕ್ಕು, "ಹಾಕಿ, ಹಾಕಿ! ಮಳೆಯ ಅನುಭವ!" ಎಂದ. ಇದನ್ನೂ ಅಕ್ಷರಶಃ ಬರೆದುಕೊಂಡೆ.

ನೋಡಲು ತಗ್ಗಿನ ಬೀದಿಯವರೆಲ್ಲ ಎದ್ದು ಬಂದು ಮೇಜಿನ ಸುತ್ತ ಮುತ್ತಿದರು. "ಅದು ನಮ್ಮದು! ಅಗೋ, ನಮ್ಮ ಮೆಟ್ಟಿಲು!" "ಇದು ನೋಡ್ರೋ, ಬಟ್ಟೆ ಒಣಹಾಕೋ ಹಗ್ಗ!" ದರ್ಜಿ ಬಗ್ಗಿ ನೋಡಿ, "ನಮ್ಮ ಬಾಗಿಲು ಹಸಿರು. ನೀಲಿ ಹಚ್ಚಿದ್ದೀರಿ," ಎಂದು ತಕರಾರು ತೆಗೆದ. ಭಾವ ತಪ್ಪಾಯಿತೆಂಬಂತೆ ತಲೆಯಾಡಿಸಿ, ದಿಬ್ಬದ ನೆತ್ತಿಯಿಂದ ನೀರು ಬಿಟ್ಟರು.

ನೀರು ರೆಸಾರ್ಟಿನ ಪಕ್ಕ ಇಳಿಯಿತು. ಕೋಟೆಯ ಬುಡ ಸುತ್ತಿ, ರೈಲಿನ ಕಂಬಗಳ ನಡುವೆ ನುಸುಳಿ ಎಡಕ್ಕೆ ತಿರುಗಿತು. ಎಷ್ಟು ಚೆಂದ ಎಂದು ಯಾರೋ ಅಂದರು. ಆಮೇಲೆ ಅದು ಹಲಗೆಗೆ ಇಳಿದು, ಬೀದಿ ತುಂಬಿ, ಮೆಟ್ಟಿಲು ಮುಳುಗಿಸಿ, ನಲವತ್ತಮೂರು ಮನೆಗಳ ಕಿಟಕಿಯ ತನಕ ಏರಿ ನಿಂತಿತು. ದರ್ಜಿ ಬಾಗಿಲಿನ ಬಣ್ಣದ ಮಾತು ಮತ್ತೆ ಎತ್ತಲಿಲ್ಲ.

ಮಫ್ಲರು ಬೆವರಿದ. ಕುತ್ತಿಗೆಯ ಮಫ್ಲರನ್ನು ಸಡಿಲಿಸಿದ್ದನ್ನು ಅವತ್ತೇ ನಾನು ನೋಡಿದ್ದು. "ಮೇಡಂ, ಇದನ್ನ ಮನಸ್ಸಿಗೆ ತಗೋಬೇಡಿ. ಇವರಿಗೆ ವಯಸ್ಸಾಗಿದೆ. ನೋಡಿ, ಕೈ ಹೇಗೆ ನಡುಗ್ತಿದೆ. ಆರು ಮಿಲಿಮೀಟರ್ ತಪ್ಪಿದ್ರೆ ನೀರು ಎಲ್ಲಿಗೆ ಬೇಕಾದ್ರೂ ಹೋಗುತ್ತೆ. ತಪ್ಪಿರೋದು ಮಾದರಿ, ಯೋಜನೆ ಅಲ್ಲ."

ಎಲ್ಲರ ಕಣ್ಣೂ ಭಾವನ ಕೈಗೆ ಹೋಯಿತು. ಖಾಲಿ ಜಗ್ಗು ಹಿಡಿದ ಆ ಕೈ ನಿಜಕ್ಕೂ ನಡುಗುತ್ತಿತ್ತು, ಜಗ್ಗಿನ ಹಿಡಿ ಟಕಟಕ ಎನ್ನುತ್ತಿತ್ತು. ಅಕ್ಕ ಎರಡು ವರ್ಷ ಮುಚ್ಚಿಟ್ಟದ್ದನ್ನು ಆ ಮನುಷ್ಯ ನೂರು ಜನರೆದುರು ಒಂದೇ ಮಾತಿಗೆ ಬಯಲಿಗೆ ಹಾಕಿದ್ದ.  ಪೆನ್ನು ಕಾಗದ ಹರಿಯುವಷ್ಟು ಒತ್ತಿ ಬರೆದೆ.

ಭಾವ ಜಗ್ ಕೆಳಗಿಟ್ಟರು. ಮೇಜಿಗೆ ಬಗ್ಗಿ, ಕೊಳದ ಆಚೆ ಕೋಟೆಯ ಹಿಂದೆ, ಬೆರಳು ತೂರಿಸಿದರು. ಅಲ್ಲೊಂದು ಸಂದಿತ್ತು. ಅಷ್ಟು ಹೊತ್ತು ನೋಡಿದ ನಮಗೆ ಯಾರಿಗೂ ಕಂಡಿರಲಿಲ್ಲ, ನೀರಿಗೂ ಕಂಡಿರಲಿಲ್ಲ. ಎತ್ತಲು ನೋಡಿದರು, ಭಾರವಾಯಿತು. ಅಕ್ಕ ಬೆಂಚಿನಿಂದ ಎದ್ದು ಬಂದು, "ಆ ಕಡೆ ನಾನು ಹಿಡೀತೀನಿ ಸರೀರಿ," ಎಂದಳು. ಇಬ್ಬರೂ ಸೇರಿ ಎತ್ತಿದರು. ಕೋಟೆ, ಕೊಳ, ತೊಟ್ಟಿಲು, ಕಿರುಚುವ ಜನ, ಏರಿಸಿದ ಮಣ್ಣು, ಎಲ್ಲ ಒಂದೇ ಮುಚ್ಚಳವಾಗಿ ಎದ್ದು ಬಂತು. ಅದನ್ನು ಎರಡು ಕುರ್ಚಿಗಳ ಮೇಲೆ ಇಟ್ಟರು.

ಕೆಳಗೆ ಜೌಗಿತ್ತು. ಈಗ ಇರುವ ಹಾಗೆಯೇ. ಕೆಸರು, ಕಾಲುದಾರಿ, ಅಕ್ಕಿ ಕಾಳಿನಷ್ಟು ಕೊಕ್ಕರೆ, ಸುತ್ತ ಒತ್ತೊತ್ತಾಗಿ ಜೊಂಡು. ಎಲ್ಲರೂ ಬಗ್ಗಿದರು. ಅಷ್ಟರಲ್ಲಿ ಅಕ್ಕನ ದನಿ ಮೊಳಗಿತು: "ಅಯ್ಯೋ, ನನ್ನ ಪೊರಕೆ!"

ಇದನ್ನು ನಡಾವಳಿಯಲ್ಲಿ ಬರೆಯಬೇಕೋ ಬೇಡವೋ ಎಂದು ಅಧ್ಯಕ್ಷೆಯ ಮುಖ ನೋಡಿದೆ. ಅವರು ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಕೇಳಿದ್ದನ್ನು ಬರೀರಿ ಎಂದಿದ್ದರಲ್ಲ, ಬರೆದೆ.

ಭಾವ ಹಲಗೆಯ ನೀರನ್ನು ಬಟ್ಟೆಯಿಂದ ಹೀರಿ ತೆಗೆದರು. ಜಗ್ ಮತ್ತೆ ತುಂಬಿಸಿಕೊಂಡು, ಅದೇ ನೆತ್ತಿಯಿಂದ ಅಷ್ಟೇ ನೀರು ಬಿಟ್ಟರು. ನೀರು ಇಳಿಯಿತು, ಪೊರಕೆಯ ಜೊಂಡಿನೊಳಗೆ ಹೊಕ್ಕಿತು, ಅಲ್ಲೇ ನಿಂತಿತು. ನಾವು ಕಾದೆವು. ಒಂದು ಹನಿಯೂ ಬೀದಿಯ ಕಡೆ ಬರಲಿಲ್ಲ.

"ಮೇಲಿನದು ನಿಮ್ಮ ನಕ್ಷೆ, ಕೆಳಗಿನದು ಕಚೇರಿಯ ಹಳೇ ನಕ್ಷೆ," ಎಂದರು ಭಾವ.  "ಎರಡನ್ನೂ ಕತ್ತರಿಸಿದ್ದು ಇದೇ ಕೈ ಸಾರ್. ನಡುಗೋದು ನಿಜ. ನಿಧಾನಕ್ಕೆ ಕತ್ತರಿಸ್ತೀನಿ."

ಅಧ್ಯಕ್ಷೆ ಕರವಸ್ತ್ರ ತೆಗೆದು ವರದಿ ಮುಂದೆ ತಳ್ಳಿದರು. "ಒಂದು ಜಗ್ ನೀರಿನ ಮೇಲೆ ನಾನು ತೀರ್ಮಾನ ಕೊಡಲ್ಲ. ಆದರೆ ಈ ನಾನೂರು ಪುಟದಲ್ಲಿ ಮಳೆನೀರು ಎಲ್ಲಿಗೆ ಹೋಗುತ್ತೆ ಅಂತ ಬರೆದಿರೋ ಪುಟ ಯಾವುದು? ತೋರಿಸಿ."

ಮಫ್ಲರು ಪುಟ ತಿರುವಿದ. ತಿರುವುತ್ತಲೇ ಹೋದ. 'ಗಣನೀಯ ಪರಿಣಾಮವಿಲ್ಲ' ಎಂಬ ಸಾಲು ಹದಿನೇಳು ಕಡೆ ಸಿಕ್ಕಿತು, ನೀರು ಮಾತ್ರ ಸಿಗಲಿಲ್ಲ. ಕೊನೆಗೆ ತಲೆ ಎತ್ತಿ, "ಇಲ್ಲ ಮೇಡಂ. ನಾವು ನೋಡಿಲ್ಲ," ಎಂದ. ಒಪ್ಪಿಕೊಂಡನಲ್ಲ, ಆ ಮಟ್ಟಿಗೆ ಅವನ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಯೋಜನೆ ವಾಪಸು ಹೋಯಿತು. ಜೌಗನ್ನು ಮುಟ್ಟದೆ ಹೊಸದಾಗಿ ಬರೆದು ತರಬೇಕು, ಅಲ್ಲಿಯವರೆಗೆ ಒಂದು ಬುಟ್ಟಿ ಮಣ್ಣೂ ಬೀಳಕೂಡದು ಎಂದು ನಾನೇ ನಡಾವಳಿಯ ಕೊನೆಯಲ್ಲಿ ಬರೆದೆ.

ಸಂಜೆ ಅಕ್ಕನ ಮನೆಗೆ ಹೋದಾಗ ಭಾವ ಮುಂದಿನ ಕೋಣೆಯಲ್ಲಿ ಕೂತಿದ್ದರು. ಮೇಜು ಖಾಲಿ. ಬಿಸ್ಕತ್ತಿನ ಟಿನ್ನಿನಿಂದ ಒಬ್ಬನನ್ನು ತೆಗೆದು ಅಂಗೈಯಲ್ಲಿ ನಿಲ್ಲಿಸಲು ನೋಡುತ್ತಿದ್ದರು. ಅವನು ಬೀಳುತ್ತಿದ್ದ, ಇವರು ಎತ್ತುತ್ತಿದ್ದರು. "ಎಲ್ಲರಿಗೂ ಗೊತ್ತಾಗಿಹೋಯ್ತು ಅಲ್ವೇನಮ್ಮ, ಕೈ ವಿಷಯ," ಎಂದರು.

"ಗೊತ್ತಾಯ್ತು ಭಾವ. ಮುಚ್ಚಳದ ಸಂದಿ ಮಾತ್ರ ಯಾರಿಗೂ ಗೊತ್ತಾಗಲಿಲ್ಲ."

 ಅವರ ಕಿವಿ ಕೆಂಪಾಯಿತು, ಹೊಗಳಿದರೆ ಆಗುವಂತೆ.

ಅಕ್ಕ ಟೀ ತಂದಳು. ನನಗೊಂದು ಲೋಟ, ಅವರಿಗೊಂದು. ಭಾವ ತಮ್ಮ ಲೋಟ ನೋಡಿದರು. ಅಂಚಿನ ತನಕ ತುಂಬಿತ್ತು.

"ಏನೇ ಇದು? ಇವತ್ತು ಕೈ ಬಿಗಿ ಸಡಿಲವಾಯ್ತಾ?"

"ಕುಡೀರಿ ಸುಮ್ನೆ. ಚೆಲ್ಲಿದ್ರೆ ಒರೆಸ್ತೀನಿ," ಎಂದಳು ಅಕ್ಕ. "ಪೊರಕೆ ತಾನೇ ಇಲ್ಲದ್ದು, ಬಟ್ಟೆ ಇದೆಯಲ್ಲ."

ಭಾವ ಅವಳನ್ನೇ ಒಂದು ಕ್ಷಣ ನೋಡಿದರು. ಎರಡು ವರ್ಷದ ಅರ್ಧ ಲೋಟದ ಲೆಕ್ಕ ಆಗ ಅವರಿಗೆ ಹೊಳೆದಿರಬೇಕು, ಕಣ್ಣು ತುಂಬಿದವು. ಎರಡೂ ಕೈಯಲ್ಲಿ ಲೋಟ ಎತ್ತಿದರು. ಪಂಚೆಯ ಮೇಲೆ ನಾಲ್ಕು ಹನಿ ಬಿದ್ದವು.  ಪೂರ್ತಿ ಕುಡಿದು ಮುಗಿಸಿ, ಖಾಲಿ ಲೋಟವನ್ನು ಅಕ್ಕನ ಕಡೆ ಚಾಚಿ, "ಇನ್ನೊಂದು," ಎಂದರು.

ಅಕ್ಕ ಮತ್ತೆ ತುಂಬಿಸಿ ಕೊಟ್ಟಳು.